‘ರಾಜಿ’ ಎಂಬ ಪದ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರಗಳ ಓದುಗರು ಪತ್ರಗಳಲ್ಲಿಯೂ ಎದುರು ಸಿಕ್ಕಾಗಲೂ ಈ ಒಂದು ಪದದ ಬಗ್ಗೆ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದೆ. ಸುಲಭವಾದವು ಮೊದಲು ಬಂದಿವೆ, ವ್ಯಾಕರಣ ಮತ್ತು ಉಚ್ಚಾರಣೆಗೆ ಸಂಬಂಧಿಸಿದವು ಕೊನೆಯಲ್ಲಿವೆ.

ಮೊದಲ ಪ್ರಶ್ನೆಗಳು

“ರಾಜಿ ಅಂದರೆ ಸರಿಯಾದ ಅರ್ಥ ಏನು? ಜಗಳ ಮುಗಿಯಿತು ಅಂತಲೋ, ಒಬ್ಬರು ಸೋತರು ಅಂತಲೋ?”

ಇಂದಿನ ಕನ್ನಡದಲ್ಲಿ ರಾಜಿ ಎಂದರೆ ವಿವಾದದಲ್ಲಿರುವ ಎರಡೂ ಕಡೆಯವರು ತಮ್ಮ ತಮ್ಮ ಪಟ್ಟನ್ನು ಸ್ವಲ್ಪ ಸಡಿಲಿಸಿ, ಇಬ್ಬರಿಗೂ ಒಪ್ಪಿಗೆಯಾಗುವ ಒಂದು ಮಾತಿಗೆ ಬಂದು ನಿಲ್ಲುವುದು. ಸೋಲು ಗೆಲುವಿನ ಲೆಕ್ಕ ಈ ಪದದೊಳಗೆ ಇಲ್ಲ. ಇದರ ಮೂಲಾರ್ಥವೇ ‘ಮನಸ್ಸಿಗೆ ಒಪ್ಪಿದ, ಸಂತೋಷದಿಂದ ಸಮ್ಮತಿಸಿದ’ ಎಂಬುದಾಗಿದೆ. ಅಡಿಕೆ ತೋಟದ ನೀರಿನ ಕಾಲುವೆಗಾಗಿ ಎರಡು ಮನೆಯವರು ವರ್ಷಗಟ್ಟಲೆ ಮಾತು ಬಿಟ್ಟು, ಕಡೆಗೊಂದು ದಿನ ಹಿರಿಯರ ಎದುರು ಜಗುಲಿಯ ಮೇಲೆ ಕುಳಿತು, ‘ಹಗಲು ನಿಮಗೆ, ರಾತ್ರಿ ನಮಗೆ’ ಎಂದು ಮಾತಾಗಿ, ಕವಳದ ತಟ್ಟೆ ಈ ಕಡೆಯಿಂದ ಆ ಕಡೆಗೆ ಸರಿದರೆ, ಮರುದಿನ ಊರಿನಲ್ಲಿ ‘ರಾಜಿ ಆತಡ’ ಎಂಬ ಸುದ್ದಿ ಹರಡುತ್ತದೆ. ಯಾರು ಎಷ್ಟು ಬಿಟ್ಟುಕೊಟ್ಟರು ಎಂಬುದನ್ನು ಜನ ಆಮೇಲೆ ಹೇಗೂ ಲೆಕ್ಕ ಹಾಕುತ್ತಾರೆ, ಆದರೆ ಆ ಲೆಕ್ಕವನ್ನು ಪದದ ತಲೆಗೆ ಕಟ್ಟುವಂತಿಲ್ಲ.

“ಇದು ಕನ್ನಡದ್ದೇ ಪದ ಅಲ್ಲವೇ? ನಮ್ಮ ಅಜ್ಜನ ಕಾಲದಿಂದ ಕೇಳುತ್ತಾ ಬಂದಿದ್ದೇವೆ.”

ಬಳಕೆಯಿಂದ ಕನ್ನಡದ್ದು, ಹುಟ್ಟಿನಿಂದ ಅರಬ್ಬಿಯದು. ಅರಬ್ಬಿ ಭಾಷೆಯಲ್ಲಿ ‘ಮೆಚ್ಚು, ತೃಪ್ತಿಪಡು, ಸಮ್ಮತಿಸು’ ಎಂಬ ಅರ್ಥದ ಧಾತುವೊಂದಿದೆ. ಅದರಿಂದ ಆದ, ‘ತೃಪ್ತನಾದವನು, ಒಪ್ಪಿದವನು’ ಎಂಬ ರೂಪ ಫಾರಸಿಯನ್ನು ಹೊಕ್ಕು, ಫಾರಸಿಯಿಂದ ಹಿಂದೂಸ್ತಾನಿ ಮತ್ತು ಮರಾಠಿಗಳಿಗೂ ಕನ್ನಡಕ್ಕೂ ಬಂದಿತು. ಅಜ್ಜನ ಕಾಲದಿಂದ ಇದೆ ಎಂಬುದು ಪದ ಎಲ್ಲಿಯದು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಅಜ್ಜನ ಕಾಲದ ತಕರಾರು, ದಾವೆ, ವಕೀಲ, ಜಾಮೀನು, ಕರಾರು ಇವೆಲ್ಲವೂ ಅರಬ್ಬಿ ಮೂಲದವೇ. ಹಳ್ಳಿಯ ಜಗಳವೊಂದು ತಕರಾರಿನಿಂದ ಹೊರಟು ರಾಜಿಯಲ್ಲಿ ಮುಗಿಯುವವರೆಗೆ ಅರಬ್ಬಿಯ ನೆರಳಿನಲ್ಲಿಯೇ ನಡೆಯುತ್ತದೆ ಎಂದರೆ ಹೆಚ್ಚು ಹೇಳಿದಂತಾಗದು.

“ಹಿಂದೆ ರಾಜನ ಮುಂದೆ ನ್ಯಾಯ ಆಗುತ್ತಿತ್ತು, ಅದಕ್ಕೇ ರಾಜಿ ಎನ್ನುತ್ತಾರೆ ಅಂತ ನಮ್ಮ ಮಾಸ್ತರರು ಹೇಳಿದ್ದರು. ಹೌದಾ?”

ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ರಾಜ ಎಂಬುದು ಸಂಸ್ಕೃತದ ಪದ, ರಾಜಿಗೂ ಅದಕ್ಕೂ ಧ್ವನಿಯ ಹೋಲಿಕೆಯೊಂದನ್ನು ಬಿಟ್ಟರೆ ಬೇರೆ ನಂಟಿಲ್ಲ. ಸಂಸ್ಕೃತದಲ್ಲಿಯೂ ‘ರಾಜಿ’ ಎಂಬ ಪದವಿದ್ದು, ಅದರ ಅರ್ಥ ಸಾಲು, ಪಂಕ್ತಿ ಎಂದು. ಸಹ್ಯಾದ್ರಿಯ ವನರಾಜಿ ಎನ್ನುವಾಗ ಬರುವುದು ಆ ರಾಜಿ. ಹೀಗೆ ಎರಡು ಬೇರೆ ಬೇರೆ ಮೂಲದ ಪದಗಳು ಕನ್ನಡದಲ್ಲಿ ಒಂದೇ ಅಕ್ಷರಗಳಲ್ಲಿ ನಿಂತಿವೆ.

“ರಾಜಿ ಎಂದು ಬರೆಯಬೇಕೋ, ರಾಜೀ ಎಂದೋ?”

ಒಂಟಿಯಾಗಿ ಬರೆಯುವಾಗ ‘ರಾಜಿ’ ಎಂಬುದೇ ರೂಢಿ. ಅರ್ಜಿ, ಖುಷಿ ಮೊದಲಾದ ಪದಗಳಲ್ಲಿ ಆದಂತೆ ಇಲ್ಲಿಯೂ ಪದಾಂತ್ಯದ ದೀರ್ಘ ಹ್ರಸ್ವವಾಗಿದೆ. ‘ರಾಜೀನಾಮೆ’ಯಲ್ಲಿ ಆ ಸ್ವರ ಪದದ ನಡುವೆ ಬರುವುದರಿಂದ ಮೂಲದ ದೀರ್ಘ ಉಳಿದುಕೊಂಡಿದೆ.

ಪದ ಬಂದ ದಾರಿ

“ಅರಬ್ಬಿ ಪದ ಘಟ್ಟದ ಮೇಲಿನ ನಮ್ಮಂಥ ಹಳ್ಳಿಗೆ ಹೇಗೆ ಬಂತು? ಕರಾವಳಿಯ ವ್ಯಾಪಾರದಿಂದಲಾ?”

ಅರಬ್ಬಿ ಸಮುದ್ರದ ದಂಡೆಯಲ್ಲಿರುವವರಿಗೆ ಹಡಗಿನ ಕಥೆಯೇ ಮೊದಲು ಹೊಳೆಯುವುದು ಸಹಜ. ಭಟ್ಕಳ, ಹೊನ್ನಾವರಗಳಿಗೆ ಅರಬ್ಬಿ ವ್ಯಾಪಾರಿಗಳು ಬಂದು ಹೋಗುತ್ತಿದ್ದರೆಂಬುದೂ ನಿಜ. ಆದರೆ ರಾಜಿ, ಅರ್ಜಿ, ಜಾಮೀನುಗಳಂಥ ಪದಗಳು ಬಂದರಿನಿಂದ ಮೇಲೇರಿದವಲ್ಲ, ಕಚೇರಿಯಿಂದ ಕೆಳಗಿಳಿದವು ಎಂಬುದಕ್ಕೆ ಅವುಗಳ ರೂಪವೇ ಗುರುತು. ಅವು ಅರಬ್ಬಿ ಉಚ್ಚಾರಣೆಯಲ್ಲಿ ಬಂದಿಲ್ಲ, ಫಾರಸಿ ಉಚ್ಚಾರಣೆಯಲ್ಲಿ ಬಂದಿವೆ. ಫಾರಸಿಯಾದರೋ ಬಹಮನಿ ಸುಲ್ತಾನರ ಮತ್ತು ಬಿಜಾಪುರದ ಆದಿಲಶಾಹಿಗಳ ದರಬಾರಿನ ಭಾಷೆಯಾಗಿತ್ತು, ಬಿಜಾಪುರದ ಅಧಿಕಾರ ಕಾರವಾರದ ಕಡೆಗೂ ಚಾಚಿತ್ತು. ಮರಾಠರ ದಫ್ತರಗಳಲ್ಲಿ ಫಾರಸಿ ಪದಗಳು ಮರಾಠಿಯ ವೇಷದಲ್ಲಿ ಮುಂದುವರಿದವು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಗಿ, ಮುಂದೆ ಸೋಂದೆಯ ಸೀಮೆಯೂ ಅವನ ಕೈಸೇರಿದಾಗ ಕಂದಾಯದ ಕಾಗದಗಳಲ್ಲಿ ಈ ಪದಗಳು ಇನ್ನಷ್ಟು ಬೇರೂರಿದವು.

1799ರ ನಂತರ ಬಂದ ಇಂಗ್ಲಿಷರು ಕಚೇರಿಯ ಫಾರಸಿ ಪರಿಭಾಷೆಯನ್ನು ಬಹುಮಟ್ಟಿಗೆ ಹಾಗೆಯೇ ಇಟ್ಟುಕೊಂಡರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದ ಮೇಲೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ, ಮರಾಠಿ ಕಚೇರಿಯ ನುಡಿಗಟ್ಟು ನಮ್ಮ ಕಾಗದಪತ್ರಗಳ ಮೇಲೆ ಹರಿಯುತ್ತಲೇ ಇತ್ತು. ತಹಸೀಲ್ದಾರರನ್ನು ಇಂದಿಗೂ ‘ಮಾಮಲೇದಾರರು’ ಎನ್ನುವ ಹಿರಿಯರು ಈ ಜಿಲ್ಲೆಯಲ್ಲಿ ಇದ್ದಾರೆ.

“ರಜೆ ಮತ್ತು ರಾಜಿ ಒಂದೇ ಮೂಲದವು ಅಂತ ಯಾರೋ ಹೇಳಿದರು. ತಮಾಷೆಗೆ ಹೇಳಿದ್ದೋ?”

ತಮಾಷೆಯಲ್ಲ. ಅದೇ ಅರಬ್ಬಿ ಧಾತುವಿನಿಂದ ಆದ ‘ಸಮ್ಮತಿ, ಅನುಮತಿ’ ಎಂಬ ಅರ್ಥದ ನಾಮಪದ ಫಾರಸಿಯ ಮೂಲಕ ಮರಾಠಿಗೆ ‘ರಜಾ’ ಎಂದು ಬಂದು, ಮೇಲಿನವರು ಕೊಡುವ ಅನುಮತಿ ಎಂಬುದರಿಂದ ಕೆಲಸಕ್ಕೆ ಬಾರದಿರಲು ಕೊಡುವ ಅನುಮತಿ ಎಂಬ ಅರ್ಥಕ್ಕೆ ಇಳಿಯಿತು. ಕನ್ನಡದ ರಜಾ, ರಜೆ ಅದೇ. ಈ ಮನೆತನದ ಮೂರನೆಯ ಕೂಸು ‘ಮರ್ಜಿ’. ‘ಅವರ ಮರ್ಜಿ ಕಾಯಬೇಕು’ ಎನ್ನುವಾಗ ನಾವು ಹೇಳುವುದು ಅವರಿಗೆ ಮೆಚ್ಚುಗೆಯಾಗುವುದನ್ನು ಕಾಯಬೇಕು ಎಂದು. ರಜಿಯಾ, ಮುರ್ತುಜಾ, ರಿಜ್ವಾನ್ ಎಂಬ ಹೆಸರುಗಳೂ ಅದೇ ಧಾತುವಿನವು. ಮೇಲಧಿಕಾರಿಯ ಮರ್ಜಿ ಹಿಡಿದು ರಜೆ ಪಡೆದು ಕೋರ್ಟಿಗೆ ಹೋಗಿ ರಾಜಿ ಮಾಡಿಕೊಂಡು ಬಂದವನು ಒಂದೇ ಧಾತುವನ್ನು ಮೂರು ಸಲ ಬಳಸಿದಂತಾಯಿತು.

“ರಾಜೀನಾಮೆ ಕೊಡುವವನು ಸಿಟ್ಟಿನಿಂದ ಬಿಟ್ಟು ಹೋಗುತ್ತಾನೆ. ಅದರಲ್ಲಿ ರಾಜಿ ಎಲ್ಲಿದೆ?”

ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಸಲ ಬಂದಿದೆ. ನ್ಯಾಯವಾದ ಪ್ರಶ್ನೆಯೂ ಹೌದು. ‘ನಾಮಾ’ ಎಂದರೆ ಫಾರಸಿಯಲ್ಲಿ ಪತ್ರ, ಬರಹ. ಪಂಚರ ಎದುರು ಬರೆದದ್ದು ಪಂಚನಾಮೆ, ವಕೀಲರಿಗೆ ಅಧಿಕಾರ ಕೊಟ್ಟು ಬರೆದದ್ದು ವಕಾಲತ್ತುನಾಮೆ. ಅದೇ ರೀತಿ ಒಪ್ಪಿಗೆಯನ್ನು ಬರೆದು ಕೊಟ್ಟದ್ದು ರಾಜೀನಾಮೆ. ಹಿಂದಿ, ಉರ್ದುಗಳಲ್ಲಿ ಇಂದಿಗೂ ರಾಜೀನಾಮಾ ಎಂದರೆ ರಾಜಿಪತ್ರವೇ. ನೌಕರಿ ಬಿಡುವುದಕ್ಕೆ ಅವರು ‘ಇಸ್ತೀಫಾ’ ಎನ್ನುತ್ತಾರೆ.

ಹಾಗಾದರೆ ನಮ್ಮಲ್ಲಿ ಅರ್ಥ ಹೇಗೆ ತಿರುಗಿತು? ಇದಕ್ಕೆ ಭೂಮಿಯ ಕಾಗದಗಳನ್ನು ನೋಡಬೇಕು. ಮುಂಬಯಿ ಇಲಾಖೆಯ ಕಂದಾಯ ಪದ್ಧತಿಯಲ್ಲಿ ಜಮೀನಿನ ಕಬ್ಜೆದಾರನು ತನ್ನ ಹಕ್ಕನ್ನು ಬಿಟ್ಟುಕೊಡುವಾಗ, ‘ನಾನು ಸ್ವಸಂತೋಷದಿಂದ ಈ ಜಮೀನನ್ನು ಬಿಡುತ್ತಿದ್ದೇನೆ, ನನ್ನ ತಕರಾರಿಲ್ಲ’ ಎಂದು ಬರೆದುಕೊಡುವ ಪತ್ರಕ್ಕೆ ರಾಜೀನಾಮೆ ಎಂದೂ, ಅದನ್ನು ಪಡೆಯುವವನು ಕಂದಾಯದ ಹೊಣೆಯನ್ನು ಒಪ್ಪಿ ಬರೆದುಕೊಡುವ ಪತ್ರಕ್ಕೆ ಕಬೂಲಾಯತಿ ಎಂದೂ ಹೆಸರಿದ್ದವು. ಒಂದೇ ಜಮೀನಿಗೆ ಒಬ್ಬನ ರಾಜೀನಾಮೆ, ಇನ್ನೊಬ್ಬನ ಕಬೂಲಾಯತಿ ಜೋಡಿಯಾಗಿ ದಾಖಲಾಗುತ್ತಿದ್ದುದರಿಂದ ‘ಒಪ್ಪಿಗೆ ಪತ್ರ’ ಎಂಬ ಅರ್ಥ ಹಿಂದೆ ಸರಿದು ‘ಬಿಟ್ಟುಕೊಡುವ ಪತ್ರ’ ಎಂಬ ಅರ್ಥ ಮುಂದೆ ಬಂದಿತು. ಜಮೀನು ಬಿಟ್ಟಂತೆಯೇ ಹುದ್ದೆ ಬಿಡುವುದು. ಬಿಡುವವನು ತನ್ನ ಒಪ್ಪಿಗೆಯಿಂದಲೇ ಬಿಡುತ್ತಿದ್ದಾನೆ, ಯಾರೂ ಕಿತ್ತುಹಾಕಿಲ್ಲ ಎಂಬುದೇ ಆ ಪತ್ರದ ತಿರುಳು. ‘ವಜಾ’ ಆಗುವುದಕ್ಕೂ ‘ರಾಜೀನಾಮೆ’ ಕೊಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಒತ್ತಡ ಹಾಕಿ ರಾಜೀನಾಮೆ ಬರೆಸಿಕೊಂಡರು ಎಂಬ ಸುದ್ದಿಯನ್ನು ಓದಿದಾಗ ನಮಗೆ ಏನೋ ಸರಿಯಿಲ್ಲ ಎನಿಸುವುದು ಕೂಡ ಪದದ ಒಳಗಿನ ಆ ಹಳೆಯ ಅರ್ಥ ಇನ್ನೂ ಸಾಯದೆ ಉಳಿದಿರುವುದರಿಂದಲೇ ಇರಬೇಕು.

ಮರಾಠಿ, ಗುಜರಾತಿ, ತೆಲುಗು, ತಮಿಳುಗಳಲ್ಲಿಯೂ ಈ ಪದಕ್ಕೆ ಹುದ್ದೆ ಬಿಡುವ ಅರ್ಥವಿದೆ. ಮಲಯಾಳದವರು ಬಾಲವನ್ನೂ ಕತ್ತರಿಸಿ ಬರಿಯ ‘ರಾಜಿ’ ಎಂದೇ ರಾಜೀನಾಮೆಗೆ ಹೇಳುತ್ತಾರೆ. ‘ಮಂತ್ರಿ ರಾಜಿ’ ಎಂಬ ಮಲಯಾಳ ಶೀರ್ಷಿಕೆಯನ್ನು ಕನ್ನಡದ ಕಣ್ಣಿನಿಂದ ಓದಿದರೆ ಸುದ್ದಿಯೇ ಬುಡಮೇಲಾಗುತ್ತದೆ.

ಅಕ್ಕಪಕ್ಕದ ಪದಗಳು

“ರಾಜಿ, ಸಂಧಾನ, ಸಮಾಧಾನ, ಒಪ್ಪಂದ, ಎಲ್ಲಾ ಒಂದೇ ಅಲ್ಲವೇ?”

ಒಂದೇ ಕೆಲಸದ ಬೇರೆ ಬೇರೆ ಹಂತಗಳು ಎಂದರೆ ಹತ್ತಿರವಾದೀತು. ಸಂಧಾನ ಎಂದರೆ ಕೂಡಿಸುವ ಪ್ರಯತ್ನ, ಮಾತುಕತೆ. ಅದು ಫಲಿಸಲೂಬಹುದು, ಮುರಿದು ಬೀಳಲೂಬಹುದು. ರಾಜಿ ಎಂದರೆ ಆ ಪ್ರಯತ್ನ ಫಲಿಸಿದ್ದು. ಆದುದರಿಂದ ‘ಸಂಧಾನ ವಿಫಲವಾಯಿತು’ ಎಂದು ಧಾರಾಳವಾಗಿ ಬರೆಯುತ್ತೇವೆ, ‘ರಾಜಿ ವಿಫಲವಾಯಿತು’ ಎಂದು ಬರೆಯುವಾಗ ಕೈ ತಡೆಯುತ್ತದೆ, ‘ರಾಜಿ ಮುರಿಯಿತು’ ಎಂದು ತಿದ್ದಿಕೊಳ್ಳುತ್ತೇವೆ. ಒಪ್ಪಂದ ಎಂಬುದು ಜಗಳವೇ ಇಲ್ಲದವರ ನಡುವೆಯೂ ಆಗಬಹುದು, ತೋಟದ ಫಸಲು ಗುತ್ತಿಗೆಗೆ ಕೊಡುವುದೂ ಒಪ್ಪಂದವೇ. ಆದರೆ ಜಗಳವಿಲ್ಲದೆ ರಾಜಿಯಿಲ್ಲ. ಸಮಾಧಾನ ಮಾತ್ರ ಒಳಗಿನದು. ರಾಜಿಯ ಕಾಗದಕ್ಕೆ ಸಹಿ ಬಿದ್ದ ಮೇಲೂ ‘ಮನಸ್ಸಿಗೆ ಸಮಾಧಾನವಿಲ್ಲ’ ಎನ್ನುವವರುಂಟು.

ರಾಜ್ಯ ರಾಜ್ಯಗಳ ನಡುವಿನ ಶಾಂತಿಗೆ ರಾಜಿ ಎಂಬ ಪದ ಒಗ್ಗುವುದಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಆದದ್ದನ್ನು ಮಂಗಳೂರು ಒಪ್ಪಂದ ಎನ್ನುತ್ತೇವೆ. ಹೊನ್ನಾವರ, ಕಾರವಾರ, ಸದಾಶಿವಗಡದ ಕೋಟೆಗಳನ್ನು ಇಂಗ್ಲಿಷರು ಟಿಪ್ಪುವಿಗೆ ಮರಳಿ ಬಿಟ್ಟುಕೊಡಬೇಕೆಂಬ ಮಾತು ಅದರಲ್ಲಿತ್ತು. ಅದನ್ನು ‘ಮಂಗಳೂರು ರಾಜಿ’ ಎಂದು ಕರೆದರೆ ಇಬ್ಬರು ನೆರೆಮನೆಯವರ ಬೇಲಿಯ ತಕರಾರಿನಂತೆ ಕೇಳಿಸುತ್ತದೆ.

“ತಾಳಮದ್ದಲೆಯಲ್ಲಿ ಕೃಷ್ಣ ಸಂಧಾನ ಎನ್ನುತ್ತಾರೆ, ಕೃಷ್ಣ ರಾಜಿ ಎನ್ನುವುದಿಲ್ಲ. ಸಂಸ್ಕೃತ ಎಂಬ ಕಾರಣಕ್ಕೆ ಮಾತ್ರವೇ?”

ಯಕ್ಷಗಾನದ ಅರ್ಥಗಾರಿಕೆಯಲ್ಲಿ ಫಾರಸಿ, ಇಂಗ್ಲಿಷ್ ಪದಗಳು ನುಸುಳದಂತೆ ನೋಡಿಕೊಳ್ಳುವುದು ಒಂದು ಕಾರಣ. ಆದರೆ ಅರ್ಥದ ದೃಷ್ಟಿಯಿಂದಲೂ ಅಲ್ಲಿ ಸಂಧಾನವೇ ಸರಿ. ಕೃಷ್ಣ ಹಸ್ತಿನಾವತಿಗೆ ಹೋಗಿ ಅರ್ಧ ರಾಜ್ಯದಿಂದ ಐದು ಗ್ರಾಮಗಳವರೆಗೆ ಇಳಿದರೂ ಕೌರವ ಒಪ್ಪಲಿಲ್ಲ. ಪ್ರಯತ್ನ ಆಯಿತು, ರಾಜಿ ಆಗಲಿಲ್ಲ.

ಸಂಧಾನ ಎಂಬುದರ ಮೂಲಾರ್ಥ ‘ಒಟ್ಟಿಗೆ ಇಡುವುದು, ಜೋಡಿಸುವುದು’. ಸಂಧಿಯೂ ಅದೇ. ಮೂಳೆ ಕೂಡುವಲ್ಲಿ ಸಂಧಿ, ಅಕ್ಷರಗಳು ಕೂಡುವಲ್ಲಿ ಸಂಧಿ, ವೈರಿಗಳು ಕೂಡುವಲ್ಲಿಯೂ ಸಂಧಿ. ಬಾಣವನ್ನು ಬಿಲ್ಲಿನ ಹೆದೆಗೆ ಜೋಡಿಸುವುದಕ್ಕೂ ಶರಸಂಧಾನ ಎಂದೇ ಹೆಸರು. ಹೀಗಾಗಿ ಯುದ್ಧದ ಮೊದಲ ಕ್ರಿಯೆಗೂ ಯುದ್ಧ ತಪ್ಪಿಸುವ ಕ್ರಿಯೆಗೂ ಒಂದೇ ಪದ ಸಲ್ಲುತ್ತದೆ. ಅನುಭವಿ ಅರ್ಥಧಾರಿಯ ಕೈಗೆ ಈ ಪದ ಸಿಕ್ಕಿದರೆ ಅರ್ಧ ಗಂಟೆಯ ವಾದಕ್ಕೆ ಸಾಮಗ್ರಿಯಾಯಿತು.

“ರಾಜಿ ಎಂಬ ಪದ ಬರುವ ಮುಂಚೆ ನಮ್ಮವರು ಜಗಳ ಮುಗಿಸುತ್ತಿರಲಿಲ್ಲವೇ? ಏನೆನ್ನುತ್ತಿದ್ದರು?”

ಮುಗಿಸುತ್ತಿದ್ದರು, ಅದಕ್ಕೆ ಪದಗಳೂ ಇದ್ದವು. ಒಪ್ಪು, ಒಡಂಬಡು, ಒಡಂಬಡಿಕೆ, ಹೊಂದು, ಬಗೆಹರಿ ಇವೆಲ್ಲ ಅಚ್ಚಗನ್ನಡದವು. ಅರಮನೆಯ ಮಟ್ಟದಲ್ಲಿ ಸಂಸ್ಕೃತದ ಸಂಧಿ, ವಿಗ್ರಹಗಳು ನಡೆಯುತ್ತಿದ್ದವು. ಕೂಡುವುದು ಸಂಧಿ, ಕಾದುವುದು ವಿಗ್ರಹ, ಎರಡನ್ನೂ ನೋಡಿಕೊಳ್ಳುವ ಅಧಿಕಾರಿ ಸಂಧಿವಿಗ್ರಹಿ. ಕನ್ನಡ ನಾಡಿನ ಶಾಸನಗಳಲ್ಲಿ ಈ ಹುದ್ದೆಯ ಹೆಸರು ಮತ್ತೆ ಮತ್ತೆ ಬರುತ್ತದೆ. 11ನೆಯ ಶತಮಾನದ ಕವಿ ದುರ್ಗಸಿಂಹ ಚಾಲುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು.

ಊರ ಮಟ್ಟದಲ್ಲಿ ಹುದ್ದೆಗಳು ಬೇರೆ. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಊರಗೌಡ, ಬುದವಂತ, ಕೋಲಕಾರ ಎಂಬ ವ್ಯವಸ್ಥೆಯಿದ್ದು, ಜಗಳಗಳು ಮೊದಲು ಅವರ ಮುಂದೆಯೇ ಬರುತ್ತಿದ್ದವು. ಹೊರಗಿನ ಪದ ಬಂದು ಒಳಗಿನ ಪದಗಳನ್ನು ಓಡಿಸಲಿಲ್ಲ. ಒಪ್ಪಂದವೂ ಒಡಂಬಡಿಕೆಯೂ ಇಂದಿಗೂ ಬಳಕೆಯಲ್ಲಿವೆ. ‘ಕಚೇರಿಗೆ ಹೋದ ಜಗಳ ಕಚೇರಿಯ ಹೊರಗೆ ಮುಗಿಯುವುದು’ ಎಂಬ ಹೊಸ ಸನ್ನಿವೇಶಕ್ಕೆ ಹೊಸ ಪದ ಅಂಟಿಕೊಂಡಿತು ಎಂದು ಊಹಿಸುವುದು ಹೆಚ್ಚು ಸರಿ. ‘ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ಹುಟ್ಟಿದ್ದೂ ಅಂಥ ಕಾಲದಲ್ಲಿಯೇ ಇದ್ದೀತು.

ಕೋರ್ಟು, ಕಾಗದ

“ಲೋಕ ಅದಾಲತ್ತಿನ ನೋಟಿಸಿನಲ್ಲಿ ‘ರಾಜಿ ಸಂಧಾನ’ ಅಂತ ಜೋಡಿಯಾಗಿ ಬರೆದಿರುತ್ತಾರೆ. ಒಂದು ಸಾಲದೇ?”

ಸಂಧಾನದ ಮೂಲಕ ರಾಜಿ ಎಂದು ಬಿಡಿಸಿಕೊಂಡರೆ ಎರಡಕ್ಕೂ ಕೆಲಸವಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಪ್ರಕಾರ ನಡೆಯುವ ಲೋಕ ಅದಾಲತ್ತು ಉಭಯ ಪಕ್ಷಗಳನ್ನು ಕೂರಿಸಿ ಮಾತನಾಡಿಸಬಲ್ಲುದೇ ಹೊರತು, ಒಪ್ಪದವರ ಮೇಲೆ ತೀರ್ಪು ಹೇರಲಾರದು. ಒಪ್ಪಿಗೆಯಾಗದಿದ್ದರೆ ಪ್ರಕರಣ ಬಂದ ನ್ಯಾಯಾಲಯಕ್ಕೇ ಹಿಂದಿರುಗುತ್ತದೆ. ಒಪ್ಪಿಗೆಯಾದರೆ ಅಲ್ಲಿನ ಆದೇಶಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದ್ದು, ಅದರ ಮೇಲೆ ಅಪೀಲಿಗೆ ಅವಕಾಶವಿಲ್ಲ, ಕಟ್ಟಿದ ಕೋರ್ಟ್ ಫೀಯೂ ವಾಪಸು ಸಿಗುತ್ತದೆ. ತಾನೇ ಒಪ್ಪಿದ ಮಾತಿನ ಮೇಲೆ ತಾನೇ ಅಪೀಲು ಹೋಗುವುದೆಂದರೆ ರಾಜಿ ಎಂಬ ಪದವನ್ನೇ ಅಲ್ಲಗಳೆದಂತೆ.

“ಊರಿನ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಆದ ರಾಜಿ ಕೋರ್ಟಿನಲ್ಲಿ ನಡೆಯುತ್ತದೆಯೇ?”

ದಾವೆ ಈಗಾಗಲೇ ನ್ಯಾಯಾಲಯದಲ್ಲಿದ್ದರೆ ಬಾಯಿಮಾತು ಸಾಲದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೆಯ ಆದೇಶದ 3ನೆಯ ನಿಯಮಕ್ಕೆ 1976ರಲ್ಲಿ ಮಾಡಿದ ತಿದ್ದುಪಡಿಯಂತೆ ರಾಜಿಯು ಲಿಖಿತವಾಗಿರಬೇಕು, ಪಕ್ಷಗಾರರ ಸಹಿ ಇರಬೇಕು, ಮತ್ತು ಅದು ಕಾನೂನುಬದ್ಧವಾಗಿದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಬೆದರಿಸಿ, ಮೋಸದಿಂದ ಪಡೆದ ಒಪ್ಪಿಗೆ ಕಾನೂನಿನ ಕಣ್ಣಿನಲ್ಲಿ ಗಟ್ಟಿಯಾದ ಒಪ್ಪಿಗೆಯಲ್ಲ. ಸ್ಥಿರಾಸ್ತಿಯ ಹಕ್ಕು ಒಬ್ಬರಿಂದ ಒಬ್ಬರಿಗೆ ಹೋಗುವಂತಿದ್ದರೆ ನೋಂದಣಿಯ ಪ್ರಶ್ನೆಯೂ ಏಳುವುದರಿಂದ, ತೋಟ ಬೆಟ್ಟಗಳ ಹಿಸ್ಸೆಯ ವಿಷಯದಲ್ಲಿ ಕಾಗದ ಬರೆಯುವ ಮೊದಲು ವಕೀಲರನ್ನು ಕೇಳುವುದು ಲೇಸು.

“ಎಲ್ಲಾ ಕ್ರಿಮಿನಲ್ ಕೇಸನ್ನೂ ರಾಜಿ ಮಾಡಿಕೊಳ್ಳಬಹುದಾ?”

ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೆಯ ಕಲಮಿನಲ್ಲಿ ರಾಜಿಯಾಗಬಹುದಾದ ಅಪರಾಧಗಳ ಪಟ್ಟಿಯಿದೆ. ಕೆಲವನ್ನು ನೊಂದವರೇ ಮುಗಿಸಬಹುದು, ಕೆಲವಕ್ಕೆ ನ್ಯಾಯಾಲಯದ ಅನುಮತಿ ಬೇಕು. ಕೊಲೆ, ಅತ್ಯಾಚಾರಗಳಂಥವು ಆ ಪಟ್ಟಿಯಲ್ಲಿ ಇಲ್ಲ.

ಇನ್ನಷ್ಟು ಒಳಹೊಕ್ಕು ಕೇಳುವವರಿಗೆ

“ಹಿಂದಿಯಲ್ಲಿ ‘ಮೈ ರಾಜಿ ಹೂಂ’ ಎಂದರೆ ನಾನು ಒಪ್ಪಿದ್ದೇನೆ ಎಂದು. ಕನ್ನಡದಲ್ಲಿ ‘ನಾನು ರಾಜಿ’ ಎನ್ನಲು ಯಾಕೆ ಬರುವುದಿಲ್ಲ?”

ಹಿಂದಿ ಮತ್ತು ಮರಾಠಿಯಲ್ಲಿ ರಾಜಿ ಗುಣವಾಚಕವಾಗಿಯೇ ಉಳಿದಿದೆ, ಒಬ್ಬ ವ್ಯಕ್ತಿಯ ಮನಃಸ್ಥಿತಿಯನ್ನು ಹೇಳುತ್ತದೆ. ‘ಮಿಯಾ ಬೀಬಿ ರಾಜಿ, ತೋ ಕ್ಯಾ ಕರೇಗಾ ಕಾಜಿ’ ಎಂಬ ಗಾದೆಯಲ್ಲಿ ಗಂಡು ಹೆಣ್ಣುಗಳ ನಡುವೆ ಜಗಳವೇ ಆಗಿಲ್ಲ, ಇಬ್ಬರಿಗೂ ಮನಸ್ಸಿದೆ ಎಂದಷ್ಟೇ ಅರ್ಥ. ಕನ್ನಡದಲ್ಲಿ ಪದ ನಾಮಪದವಾಗಿ, ಒಬ್ಬರ ಮನಸ್ಸಿನಿಂದ ಹೊರಬಂದು ಇಬ್ಬರ ನಡುವೆ ನಡೆಯುವ ಸಂಗತಿಯ ಹೆಸರಾಯಿತು. ಆದ್ದರಿಂದಲೇ ರಾಜಿ ಮಾಡಿಕೊಳ್ಳು, ರಾಜಿ ಮಾಡಿಸು, ರಾಜಿಗೆ ಬಾ, ರಾಜಿಗೆ ಕರೆ ಎಂಬ ಪ್ರಯೋಗಗಳು ಸಾಧ್ಯವಾದವು. ‘ರಾಜಿಗೆ ಒಪ್ಪಿದರು’ ಎಂಬುದು ಮೂಲವನ್ನು ಹಿಡಿದು ನೋಡಿದರೆ ಒಪ್ಪಿಗೆಗೆ ಒಪ್ಪಿದರು ಎಂದಾಗುತ್ತದೆ, ಆದರೂ ಕನ್ನಡಕ್ಕೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಇನ್ನೊಂದು ಹೊಂದಿದ ರೂಪ ‘ರಾಜಿಯಾಗು’. ಅದರಲ್ಲಿ ಮಾತ್ರ ಹಳೆಯ ಗುಣವಾಚಕದ ಗುರುತು ಸ್ವಲ್ಪ ಉಳಿದಂತೆ ತೋರುತ್ತದೆ.

“‘ಗುಣಮಟ್ಟದಲ್ಲಿ ರಾಜಿ ಇಲ್ಲ’ ಎಂದು ಅಂಗಡಿಯವರು ಬರೆಯುತ್ತಾರೆ. ರಾಜಿ ಒಳ್ಳೆಯದಲ್ಲವೇ, ಅದನ್ನು ಬೈಗುಳದ ಹಾಗೆ ಯಾಕೆ ಬಳಸುತ್ತಾರೆ?”

ಇದು ಇಂಗ್ಲಿಷಿನ ‘ಕಾಂಪ್ರಮೈಸ್’ ಎಂಬುದರ ನೆರಳು. ಆ ಪದಕ್ಕೆ ಇಂಗ್ಲಿಷಿನಲ್ಲಿ ಹೊಂದಾಣಿಕೆ ಎಂಬ ಒಳ್ಳೆಯ ಅರ್ಥವೂ, ಮಟ್ಟದಿಂದ ಕೆಳಗಿಳಿಯುವುದು ಎಂಬ ಕೀಳು ಅರ್ಥವೂ ಇವೆ. ಪತ್ರಿಕೆಗಳೂ ಜಾಹೀರಾತುಗಳೂ ಅದನ್ನು ರಾಜಿ ಎಂದು ಕನ್ನಡಿಸಿದಾಗ ಎರಡನೆಯ ಅರ್ಥವೂ ಹಿಂದೆಯೇ ಬಂದಿತು. ‘ರಾಜಿಯಿಲ್ಲದ ಹೋರಾಟ’ ಎಂಬುದೂ ಅದೇ ಅಚ್ಚಿನದು. ಈ ಬಳಕೆ ಈಗ ಗಟ್ಟಿಯಾಗಿರುವುದರಿಂದ ತಪ್ಪೆನ್ನಲಾಗದು. ಆದರೆ ಪಂಚಾಯಿತಿಯ ಕಟ್ಟೆಯಲ್ಲಿ ಹಿರಿಯರೊಬ್ಬರು ‘ರಾಜಿ ಮಾಡ್ಕಳಿ’ ಎಂದಾಗ ಕಿರಿಯರಿಗೆ ‘ಸೋಲೊಪ್ಪಿಕೊಳ್ಳಿ’ ಎಂದು ಕೇಳಿಸುತ್ತಿದ್ದರೆ, ಅದಕ್ಕೆ ಈ ಜಾಹೀರಾತಿನ ಭಾಷೆಯೂ ಒಂದಿಷ್ಟು ಕಾರಣ ಎಂದು ನನಗೆ ಅನಿಸುತ್ತದೆ. ‘ಗುಣಮಟ್ಟದಲ್ಲಿ ಕಡಿಮೆ ಮಾಡುವುದಿಲ್ಲ’ ಎಂದರೆ ಅಂಗಡಿಗೇನೂ ನಷ್ಟವಿಲ್ಲ.

“ಅರಬ್ಬಿಯಲ್ಲಿ ಅದು ‘ದ’ಕಾರದಂಥ ಅಕ್ಷರ ಅಂತ ಓದಿದೆ. ನಮ್ಮಲ್ಲಿ ‘ಜ’ ಹೇಗೆ ಆಯಿತು?”

ಅರಬ್ಬಿಯ ಆ ಅಕ್ಷರಕ್ಕೆ ‘ದಾದ್’ ಎಂದು ಹೆಸರು, ಅದೊಂದು ಭಾರವಾದ ದಕಾರ. ಫಾರಸಿಯವರ ನಾಲಗೆಗೆ ಅದು ಹೊಂದದೆ, ಗಾಳಿ ತೀಡಿದಂಥ ಜಕಾರವಾಗಿ ಮಾರ್ಪಟ್ಟಿತು. ಆ ಧ್ವನಿಯೂ ಕನ್ನಡಕ್ಕೆ ಇಲ್ಲದ್ದರಿಂದ ನಾವು ನಮ್ಮ ಸಾದಾ ಜಕಾರವನ್ನು ಹಾಕಿಕೊಂಡೆವು. ಈ ಎರಡು ಹೆಜ್ಜೆಯ ಬದಲಾವಣೆ ಒಂದು ಪದಕ್ಕೆ ಮಾತ್ರ ಆದದ್ದಲ್ಲ. ಅರ್ಜಿ, ಹಾಜರು, ಜಾಮೀನು, ಜಿಲ್ಲೆ, ಖಾಜಿ, ರಂಜಾನ್ ಇವೆಲ್ಲವುಗಳ ಜಕಾರದ ಹಿಂದೆ ಅದೇ ದಾದ್ ಅಕ್ಷರವಿದೆ. ಇವು ಫಾರಸಿಯ ದಾರಿಯಿಂದಲೇ ಬಂದವು ಎನ್ನಲು ಇದಕ್ಕಿಂತ ಗಟ್ಟಿಯಾದ ಆಧಾರ ಬೇಡ. ನೇರವಾಗಿ ಅರಬ್ಬರಿಂದ ಕಲಿತಿದ್ದರೆ ನಾವು ಇಂದು ‘ರಾದಿ’ ಎನ್ನುತ್ತಿದ್ದೆವೇನೋ.

“ಇಂಥ ಪದಗಳ ಮೂಲವನ್ನು ನಾನೇ ಹುಡುಕಬೇಕೆಂದರೆ ಎಲ್ಲಿಂದ ಶುರು ಮಾಡಲಿ? ನನಗೆ ಫಾರಸಿ ಬಾರದು.”

ಫಾರಸಿ ಬಾರದಿದ್ದರೂ ಬಹಳ ದೂರ ಹೋಗಬಹುದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ಮೊದಲು ತೆರೆಯಿರಿ. ಹೊರಗಿನಿಂದ ಬಂದ ಪದಗಳ ಮುಂದೆ ಅವು ಯಾವ ಭಾಷೆಯಿಂದ ಬಂದವೆಂಬ ಸಂಕೇತಾಕ್ಷರಗಳು ಅದರಲ್ಲಿವೆ. ಪದ ಕಚೇರಿಗೆ ಸಂಬಂಧಿಸಿದ್ದಾದರೆ ಮರಾಠಿ ನಿಘಂಟನ್ನೂ ಜೊತೆಗಿಟ್ಟುಕೊಳ್ಳುವುದು ನಮ್ಮ ಜಿಲ್ಲೆಯ ಮಟ್ಟಿಗೆ ಅಗತ್ಯ. ಅವೆರಡಕ್ಕಿಂತ ಹೆಚ್ಚು ರುಚಿ ಹತ್ತಿಸುವುದು ಮನೆಯ ಅಟ್ಟದ ಪೆಟ್ಟಿಗೆಯಲ್ಲಿರುವ ಹಳೆಯ ಖರೀದಿ ಪತ್ರ, ಹಿಸ್ಸೆ ಪತ್ರ, ರಾಜಿಪತ್ರಗಳು. ಒಂದು ಕಾಗದವನ್ನು ಹಿಡಿದು ಗೊತ್ತಿಲ್ಲದ ಪದಗಳಿಗೆಲ್ಲ ಪೆನ್ಸಿಲಿನ ಗೆರೆ ಎಳೆಯುವುದರ ಬದಲು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ, ಮೂಲ ಕಾಗದ ಮುಂದೆ ಯಾವ ತಕರಾರಿಗೆ ಬೇಕಾಗುತ್ತದೋ ಹೇಳಲಾಗದು.